ಬ್ಯಾಟರಿ ಗಾಡಿ ಕೊಳ್ಳುವ ಮುನ್ನ ಕ್ರಾಸಿನಿಂದ ಗೇಟಿನವರೆಗೆ ನಡೆದು ನೋಡಿ

ಪ್ರಶ್ನೆ: ನಮ್ಮದು ಮಧ್ಯ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಿಂದ 9 ಕಿ.ಮೀ. ಆಚೆ ಇರುವ ಇಂಜಿನಿಯರಿಂಗ್ ಕಾಲೇಜು. 55 ಎಕರೆ ಆವರಣ, 2,600 ವಿದ್ಯಾರ್ಥಿಗಳು, ಅವರಲ್ಲಿ 700 ಮಂದಿ ಹಾಸ್ಟೆಲಿನವರು. ದಿನಕ್ಕೆ ಸುಮಾರು 900 ಬೈಕು, ಸ್ಕೂಟರು ಒಳಗೆ ಬರುತ್ತವೆ. ಹೆದ್ದಾರಿಯ ಕ್ರಾಸಿನಿಂದ ಗೇಟಿಗೆ 1.3 ಕಿ.ಮೀ. ಮುಂದಿನ ವರ್ಷ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರಲಿದೆ. ಆಡಳಿತ ಮಂಡಳಿಯವರು 14 ಸೀಟಿನ ಎರಡು ಬ್ಯಾಟರಿ ಗಾಡಿ ಮತ್ತು 50 ಸೈಕಲ್ ಕೊಳ್ಳಲು ಹಣ ತೆಗೆದಿಟ್ಟಿದ್ದಾರೆ. ವಿದ್ಯಾರ್ಥಿಗಳ ಬೈಕನ್ನೇ ನಿಷೇಧಿಸುವ ಮಾತೂ ನಡೆದಿದೆ. ಯಾವುದನ್ನು ಮೊದಲು ಮಾಡುವುದು?
(ಹಸಿರು ಕ್ಯಾಂಪಸ್ ಸಮಿತಿಯ ಸಂಚಾಲಕರು)

ಉತ್ತರ: ಮೂರನ್ನೂ ಸದ್ಯ ಬದಿಗಿಡಿ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಆ 1.3 ಕಿ.ಮೀ. ಇದೆಯಲ್ಲ, ಗಂಟು ಇರುವುದು ಅಲ್ಲೇ.

ಮೊದಲು ಬ್ಯಾಟರಿ ಗಾಡಿಯ ಲೆಕ್ಕ ನೋಡೋಣ. 55 ಎಕರೆ ಎಂದರೆ ಹೆಚ್ಚುಕಡಿಮೆ 470 ಮೀಟರ್ ಉದ್ದಗಲದ ಚೌಕ. ಮೂಲೆಯಿಂದ ಮೂಲೆಗೆ ನಡೆದರೂ 670 ಮೀಟರ್, ಅಂದರೆ ಒಂಬತ್ತು ನಿಮಿಷ. ಗಾಡಿ 2 ಕಿ.ಮೀ. ಸುತ್ತು ಹಾಕುತ್ತದೆ ಅಂದುಕೊಳ್ಳಿ. ನಿಲ್ಲುತ್ತ, ಹತ್ತಿಸಿಕೊಳ್ಳುತ್ತ ಹೋದರೆ ಸರಾಸರಿ ವೇಗ ಗಂಟೆಗೆ 10 ಕಿ.ಮೀ. ದಾಟುವುದಿಲ್ಲ. ಒಂದು ಸುತ್ತಿಗೆ 12 ನಿಮಿಷ. ಎರಡು ಗಾಡಿ ಓಡಿದರೆ ಆರು ನಿಮಿಷಕ್ಕೊಂದು, ಕಾಯುವುದು ಸರಾಸರಿ ಮೂರು ನಿಮಿಷ, ಕೂತು ಹೋಗುವುದು ಇನ್ನು ನಾಲ್ಕು ನಿಮಿಷ. ತೀರಾ ಮೂಲೆಯಿಂದ ಮೂಲೆಗೆ ಹೋಗುವವನನ್ನು ಬಿಟ್ಟರೆ, ನಡೆದು ಹೋದವನು ಅಷ್ಟೊತ್ತಿಗೆ ತರಗತಿಯ ಬಾಗಿಲಲ್ಲಿ ಇರುತ್ತಾನೆ. ಪೀರಿಯಡ್ ಬದಲಾಗುವ ಹತ್ತು ನಿಮಿಷದಲ್ಲಿ ಎರಡೂ ಗಾಡಿ ಸೇರಿ ಮೂವತ್ತು ಜನರನ್ನು ಸಾಗಿಸಿದರೆ ಹೆಚ್ಚು. ಆ ಹೊತ್ತಿನಲ್ಲಿ ಓಡಾಡುವವರು ಸಾವಿರಗಟ್ಟಲೆ.

ಇನ್ನು ಹೊಗೆಯ ಲೆಕ್ಕ. 900 ದ್ವಿಚಕ್ರ ವಾಹನಗಳು ದಿನಕ್ಕೆ ಹೋಗಿಬರುವುದು ಸೇರಿ 18 ಕಿ.ಮೀ., ವರ್ಷಕ್ಕೆ 220 ದಿನ ಓಡಿದರೆ 35.6 ಲಕ್ಷ ಕಿ.ಮೀ. ಆಗುತ್ತದೆ. ಲೀಟರಿಗೆ 45 ಕಿ.ಮೀ. ಅಂದರೂ 79 ಸಾವಿರ ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಒಟ್ಟು ವರ್ಷಕ್ಕೆ 182 ಟನ್. ಎರಡು ಬ್ಯಾಟರಿ ಗಾಡಿ ದಿನಕ್ಕೆ ತಲಾ 40 ಕಿ.ಮೀ. ಓಡಿದರೆ, ಕಿ.ಮೀ.ಗೆ 0.15 ಯೂನಿಟ್ಟಿನಂತೆ ವರ್ಷಕ್ಕೆ ಸುಮಾರು 2,600 ಯೂನಿಟ್. ನಮ್ಮ ಗ್ರಿಡ್ಡಿನ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಹಿಡಿದರೆ ಎರಡು ಟನ್ನಿಗೆ ತುಸು ಕಡಿಮೆ. ಅದರಲ್ಲಿ ಕೂರುವವರು ಇಲ್ಲಿಯವರೆಗೆ ನಡೆಯುತ್ತಿದ್ದವರು. ಹಾಗಾಗಿ ಆ ಎರಡು ಟನ್ ಉಳಿತಾಯದ ಲೆಕ್ಕಕ್ಕಲ್ಲ, ಹೊಸ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. 182 ಟನ್ ಇರುವುದು ಗೇಟಿನ ಹೊರಗೆ. ಕೆಲಸವೂ ಹೊರಗಿನಿಂದಲೇ ಶುರುವಾಗಬೇಕು.

ಬಸ್ಸು ಇದೆ, ನಿಲ್ಲುವುದಿಲ್ಲ

ಊರ ಹೊರಗಿನ ಕಾಲೇಜಿಗೆ ಒಂದು ಅನುಕೂಲವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಹಳ್ಳಿಗಳಿಂದ ಊರಿಗೆ ಬರುವ ಬಸ್ಸು ಬಾಗಿಲಲ್ಲಿ ಜೋತಾಡುವಷ್ಟು ತುಂಬಿರುತ್ತದೆ. ಅದೇ ಬಸ್ಸು ಊರಿನಿಂದ ಹಿಂದಿರುಗುವಾಗ ಅರ್ಧಕ್ಕರ್ಧ ಖಾಲಿ. ನಿಮ್ಮ ವಿದ್ಯಾರ್ಥಿಗಳು ಹೋಗಬೇಕಾದ್ದು ಆ ಖಾಲಿ ದಿಕ್ಕಿಗೆ. ಸಂಜೆ ಇದರ ತಿರುವುಮುರುವು. ಸಿಗುತ್ತಿರುವ ಸೀಟು ಬಿಟ್ಟು ಹೊಸ ಬಸ್ಸು ಕೊಳ್ಳುವುದು ಯಾಕೆ ದುಬಾರಿ ಅನ್ನುವುದಕ್ಕೆ ಇಲ್ಲೊಂದು ಲೆಕ್ಕ ಕೊಡುತ್ತೇವೆ.

300 ಬೈಕ್ ಸವಾರರು ಬಸ್ಸಿಗೆ ಬಂದರೆ ವರ್ಷಕ್ಕೆ 60 ಟನ್ ಉಳಿಯುತ್ತದೆ. ಅವರಿಗಾಗಿ ಕಾಲೇಜೇ ಬಸ್ಸು ಓಡಿಸಿದರೆ ಬೆಳಗ್ಗೆ ಆರು ಟ್ರಿಪ್, ಸಂಜೆ ಆರು. ಪ್ರತಿ ಟ್ರಿಪ್ಪಿಗೂ ಒಂದು ಖಾಲಿ ವಾಪಸಾತಿ ಇದೆ. ದಿನಕ್ಕೆ 216 ಕಿ.ಮೀ., ವರ್ಷಕ್ಕೆ 47,500 ಕಿ.ಮೀ. ಲೀಟರಿಗೆ 4 ಕಿ.ಮೀ. ಕೊಡುವ ಡೀಸೆಲ್ ಬಸ್ಸಾದರೆ ಸುಮಾರು 32 ಟನ್ ಅಲ್ಲೇ ಹೋಯಿತು. ಉಳಿತಾಯದ ಅರ್ಧಕ್ಕಿಂತ ಹೆಚ್ಚನ್ನು ಖಾಲಿ ಓಡಾಟವೂ ಡೀಸೆಲ್ಲೂ ನುಂಗಿದವು. ಹೇಗೂ ಓಡುತ್ತಿರುವ ಬಸ್ಸಿನ ಖಾಲಿ ಸೀಟಿನಲ್ಲಿ ಅದೇ 300 ಮಂದಿ ಕೂತರೆ 60 ಟನ್ ಬಹುಪಾಲು ಹಾಗೇ ಕೈಗೆ ಸಿಗುತ್ತದೆ. ನಿಮ್ಮಲ್ಲಿ ಈಗಾಗಲೇ ಕಾಲೇಜು ಬಸ್ಸುಗಳಿದ್ದರೆ ಅವುಗಳಲ್ಲಿ ಎಷ್ಟು ಜನ ಕೂರುತ್ತಾರೆ ಎಂದು ಒಮ್ಮೆ ಎಣಿಸಿ. 50 ಮಂದಿ ಕೂತ ಬಸ್ಸಿನಲ್ಲಿ ತಲೆಗೆ ಕಿ.ಮೀ.ಗೆ 13 ಗ್ರಾಂ ಆದರೆ, 12 ಮಂದಿ ಕೂತ ಬಸ್ಸಿನಲ್ಲಿ 56 ಗ್ರಾಂ. ಒಬ್ಬನೇ ಬೈಕಿನಲ್ಲಿ ಬಂದರೆ 51 ಗ್ರಾಂ. ಹನ್ನೆರಡು ಜನರ ಬಸ್ಸು ಬೈಕಿಗಿಂತ ಕಡೆ. ಅಂಥ ಎರಡು ರೂಟುಗಳನ್ನು ಒಂದು ಮಾಡಿ.

ಕೆಎಸ್ಆರ್‌ಟಿಸಿಗೆ ಬರೆಯುವಾಗ ಹೆಚ್ಚಿನ ಕಾಲೇಜುಗಳು ಮಾಡುವ ತಪ್ಪು ಒಂದೇ. 'ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಬಸ್ ಒದಗಿಸಬೇಕಾಗಿ ವಿನಂತಿ' ಎಂದು ಬರೆದು ಸುಮ್ಮನಾಗುತ್ತಾರೆ. ಹೆಚ್ಚುವರಿ ಬಸ್ಸು ಅಂದರೆ ಡಿಪೋಗೆ ಒಂದು ವಾಹನ, ಚಾಲಕ, ನಿರ್ವಾಹಕ, ಎಲ್ಲ ಬೇಕು. ಆ ಅರ್ಜಿ ಕಡತದಲ್ಲೇ ಮಲಗುತ್ತದೆ. ಕೇಳುವುದನ್ನು ಮೂರು ಮೆಟ್ಟಿಲಾಗಿ ಕೇಳಿ. ಮೊದಲನೆಯದು, ಸಾಮಾನ್ಯ ಸಾರಿಗೆ ಬಸ್ಸುಗಳಿಗೆ ನಿಮ್ಮ ಕ್ರಾಸಿನಲ್ಲಿ ಕೋರಿಕೆ ನಿಲುಗಡೆ, ಮತ್ತು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ವೇಗದೂತಕ್ಕೂ ನಿಲುಗಡೆ. ಇದಕ್ಕೆ ಅವರಿಗೆ ಖರ್ಚಿಲ್ಲ. ಎರಡನೆಯದು, ಈಗಿರುವ ಯಾವ ಬಸ್ಸು ಹತ್ತು ಹದಿನೈದು ನಿಮಿಷ ಹಿಂದೆಮುಂದೆ ಆದರೆ ನಿಮ್ಮ ವೇಳೆಗೆ ಹೊಂದುತ್ತದೋ ಅದರ ಸಮಯ ಬದಲಾವಣೆ. ಮೂರನೆಯದು ಮಾತ್ರ ಹೊಸ ಟ್ರಿಪ್. ಪತ್ರ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ, ಅದರ ಒಂದು ಪ್ರತಿ ಡಿಪೋ ವ್ಯವಸ್ಥಾಪಕರಿಗೆ. ಜೊತೆಗೆ ಯಾವ ಹದಿನೈದು ನಿಮಿಷದಲ್ಲಿ ಎಷ್ಟು ಜನ, ಯಾವ ಬಡಾವಣೆಯಿಂದ ಎಷ್ಟು ಜನ ಎಂಬ ಒಂದು ಪುಟದ ಪಟ್ಟಿ ಇರಲಿ. ಸೆಮಿಸ್ಟರ್ ಶುರುವಾಗುವ ಎರಡು ತಿಂಗಳ ಮುಂಚೆಯೇ ಕೊಡಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ, ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಪಾಸಿನ ಕೆಲಸ ಪ್ರವೇಶಾತಿಯ ದಿನವೇ ಆಗುವಂತೆ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇಟ್ಟುಬಿಡಿ. ತಿಂಗಳು ತಡವಾದರೆ ಅಷ್ಟರಲ್ಲಿ ಹುಡುಗ ಅಪ್ಪನ ಹತ್ತಿರ ಬೈಕಿನ ಮಾತು ತೆಗೆದಿರುತ್ತಾನೆ. ಒಮ್ಮೆ ಬೈಕು ಮನೆಗೆ ಬಂತೆಂದರೆ ಪಾಸು ಜೇಬಿನಿಂದ ಹೊರಬರುವುದಿಲ್ಲ.

ನಿಮ್ಮ ಕೈಯಲ್ಲೇ ಇರುವ ಇನ್ನೊಂದು ಸಾಧನ ವೇಳಾಪಟ್ಟಿ. ಎಲ್ಲರಿಗೂ 9ಕ್ಕೆ ತರಗತಿ ಅಂದರೆ ಎಲ್ಲರೂ 8.30ರ ಬಸ್ಸಿಗೇ ಮುಗಿಬೀಳುತ್ತಾರೆ. 9 ಕಿ.ಮೀ. ಹೋಗಿ, ಇಳಿಸಿ, ಮರಳಿ ಬರಲು ಬಸ್ಸಿಗೆ ಸುಮಾರು ಒಂದು ಗಂಟೆ ಬೇಕು. ಮೊದಲ ಎರಡು ವರ್ಷದವರಿಗೆ 8.30, ಉಳಿದವರಿಗೆ 9.30 ಎಂದು ಒಂದು ಗಂಟೆ ಅಂತರ ಕೊಟ್ಟರೆ ಅದೇ ಬಸ್ಸು ಎರಡು ಟ್ರಿಪ್ ಮಾಡುತ್ತದೆ. ಅರ್ಧ ಗಂಟೆ ಅಂತರ ಇಟ್ಟವರು ಬಸ್ಸು ಸಿಗದೆ ಬೈದುಕೊಳ್ಳುತ್ತಾರೆ, ಏಕೆಂದರೆ ಬಸ್ಸು ಇನ್ನೂ ದಾರಿಯಲ್ಲಿರುತ್ತದೆ. ಸಂಜೆ ಲ್ಯಾಬ್ ಮುಗಿಯುವುದು 5.15ಕ್ಕೆ, ಕೊನೆಯ ಬಸ್ಸು 5ಕ್ಕೆ ಎಂದಾದರೆ ಲ್ಯಾಬ್ ಇರುವ ದಿನಕ್ಕಾಗಿಯೇ ಬೈಕ್ ತರುವವರು ಹುಟ್ಟಿಕೊಳ್ಳುತ್ತಾರೆ. ಆಮೇಲೆ ದಿನಾ ತರುತ್ತಾರೆ.

ಆ 1.3 ಕಿ.ಮೀ.

ಕ್ರಾಸಿನಲ್ಲಿ ಇಳಿದವನು ಗೇಟಿಗೆ ಬರಲು 17–18 ನಿಮಿಷ ನಡೆಯಬೇಕು. ಬಯಲುಸೀಮೆಯ ಮಾರ್ಚಿ ಬಿಸಿಲಿನಲ್ಲಿ, ಮರವಿಲ್ಲದ ದಾರಿಯಲ್ಲಿ, ಬ್ಯಾಗು, ನಕ್ಷೆ ಬರೆಯುವ ಡ್ರಾಫ್ಟರು ಹೊತ್ತು. ನಿಮ್ಮ 900 ಬೈಕುಗಳಲ್ಲಿ ಎಷ್ಟೋ ಬೈಕು ಹುಟ್ಟಿದ್ದು ಈ ದಾರಿಯಲ್ಲೇ.

ಇಲ್ಲಿಗೆ ಬ್ಯಾಟರಿ ಗಾಡಿ ಬಿಡೋಣ ಅನ್ನಿಸಬಹುದು. ಗಾಲ್ಫ್ ಗಾಡಿಯಂಥ ಈ ವಾಹನಗಳು ಸಾಮಾನ್ಯವಾಗಿ ನೋಂದಣಿಯಾಗಿರುವುದಿಲ್ಲ, ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಅಪಘಾತವಾದರೆ ವಿಮೆ ಇಲ್ಲ, ಹೊಣೆ ಪ್ರಾಂಶುಪಾಲರ ತಲೆಗೆ. ನೋಂದಣಿಯಾಗುವ ಇ-ರಿಕ್ಷಾದಲ್ಲಿ ಚಾಲಕನ ಹೊರತು ನಾಲ್ವರಿಗೆ ಮಾತ್ರ ಅನುಮತಿ. ಹೋಗಿಬರಲು 14 ನಿಮಿಷ ಹಿಡಿದರೆ ಒಂದು ರಿಕ್ಷಾ ಗಂಟೆಗೆ ಹದಿನಾರು ಜನರನ್ನು ಸಾಗಿಸುತ್ತದೆ. ಬೆಳಗಿನ ಗದ್ದಲಕ್ಕೆ ಅದು ಸಾಲದು. ಲೆಕ್ಕ ಕೂಡಿಬರುವುದು ನಿಮ್ಮದೇ ಒಂದು ಕಾಲೇಜು ಬಸ್ಸನ್ನು 8ರಿಂದ 9.30ರವರೆಗೆ ಕ್ರಾಸು–ಗೇಟು ಓಡಿಸಿದಾಗ. ಗಂಟೆಗೆ ನಾಲ್ಕು ಸುತ್ತು, 200 ಜನ, ದಿನಕ್ಕೆ ಬೆಳಗ್ಗೆ ಸಂಜೆ ಸೇರಿ ಎಂಟು ಹತ್ತು ಲೀಟರ್ ಡೀಸೆಲ್. ಡೀಸೆಲ್ ಬಸ್ಸನ್ನು ಹಸಿರು ಅನ್ನಲು ಮುಜುಗರವಾಗಬಹುದು, ಆದರೆ ಲೆಕ್ಕ ಅದರ ಪರವಾಗಿದೆ. ಕ್ರಾಸಿನ ಸಮೀಪದ ಹಳ್ಳಿಯಲ್ಲೇ ಕೊನೆಗೊಳ್ಳುವ ಸರ್ಕಾರಿ ಬಸ್ಸಿದ್ದರೆ ಅದನ್ನು ಗೇಟಿನವರೆಗೆ ಕರೆಸಿಕೊಳ್ಳಬಹುದು. 12 ಮೀಟರ್ ಉದ್ದದ ಬಸ್ಸು ಒಂದೇ ಸುತ್ತಿನಲ್ಲಿ ತಿರುಗಲು 25 ಮೀಟರ್ ವ್ಯಾಸದ ಗಟ್ಟಿ ಜಾಗ ಬೇಕು. ಅದಿಲ್ಲದೆ ರಿವರ್ಸ್ ಹಾಕಿಸಿದರೆ ಚಾಲಕರು ಒಂದು ವಾರ ಬಂದು ನಿಲ್ಲಿಸುತ್ತಾರೆ. ದೂರ ಹೋಗುವ ಬಸ್ಸನ್ನು ಒಳಕ್ಕೆ ಕರೆಯಬೇಡಿ, ಅದರಲ್ಲಿರುವ ಪ್ರಯಾಣಿಕರ ಶಾಪ ಬೇಕಿಲ್ಲ.

ಜೊತೆಜೊತೆಗೆ ನೆರಳು. ರಸ್ತೆ ಪೂರ್ವ–ಪಶ್ಚಿಮವಾಗಿದ್ದರೆ ದಕ್ಷಿಣದ ಬದಿಗೆ, ಉತ್ತರ–ದಕ್ಷಿಣವಾಗಿದ್ದರೆ ಪಶ್ಚಿಮದ ಬದಿಗೆ ಗಿಡ ಹಾಕಿ, ಕಾಲುದಾರಿಯೂ ಅದೇ ಬದಿಗಿರಲಿ. ಎರಡೂ ಬದಿ ಗಿಡ ನೆಟ್ಟು ಅರ್ಧವನ್ನು ಒಣಗಿಸುವುದಕ್ಕಿಂತ ಒಂದು ಬದಿ ಉಳಿಸಿಕೊಳ್ಳುವುದು ಮೇಲು. ಹೊಂಗೆಗಿಂತ ಒಳ್ಳೆಯ ದಾರಿಮರ ಈ ಸೀಮೆಗೆ ಸಿಗುವುದು ಕಷ್ಟ. ಎಲೆ ಉದುರಿ ಬೋಳಾಗುವುದು ಕೆಲವೇ ದಿನ, ಬರ ತಾಳುತ್ತದೆ, ಆಡುಗಳೂ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗುಲ್ಮೊಹರ್ ಕಣ್ಣಿಗೆ ಚೆಂದ, ಆದರೆ ಕೊಂಬೆ ಮುರಿದು ಬೀಳುವ ಮರ, ಬೇಸಗೆಯಲ್ಲೇ ಎಲೆ ಇರುವುದಿಲ್ಲ. 6 ಮೀಟರಿಗೊಂದರಂತೆ 1.3 ಕಿ.ಮೀ.ಗೆ ಸುಮಾರು 215 ಸಸಿ ಬೇಕು, ಮೂರಡಿ ಘನದ ಗುಂಡಿ, ಮೊದಲ ಎರಡು ಬೇಸಗೆ ವಾರಕ್ಕೆರಡು ಸಲ ಒಂದು ಕೊಡ ನೀರು. ಸಸಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಿಗುತ್ತದೆ. ರಸ್ತೆ ಪಂಚಾಯಿತಿಯದೋ ಲೋಕೋಪಯೋಗಿ ಇಲಾಖೆಯದೋ ಕೇಳಿ, ಅನುಮತಿ ಬರವಣಿಗೆಯಲ್ಲಿ ಪಡೆಯಿರಿ. ಇಲ್ಲವಾದರೆ ಮುಂದೆ ರಸ್ತೆ ಅಗಲ ಮಾಡುವಾಗ ಎಲ್ಲವೂ ಹೋಗುತ್ತದೆ. ನೆರಳು ಬೀಳಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ಕ್ರಾಸಿನಲ್ಲೊಂದು, ಅರ್ಧ ದಾರಿಯಲ್ಲೊಂದು ಸೂರು ಹಾಕಿಸಿ.

ಕಾಲುದಾರಿಗೆ ಅಡ್ಡಿಯಿಲ್ಲದ 1.8 ಮೀಟರ್ ಅಗಲ ಇರಲೇಬೇಕು. ಟ್ರಾನ್ಸ್‌ಫಾರ್ಮರ್, ಫಲಕ, ಗುಂಡಿ ಎಲ್ಲ ಕಳೆದು ಉಳಿದ ಅಗಲದ ಲೆಕ್ಕ ಇದು. ಸಂಜೆ ಆರರ ನಂತರ ಲೈಬ್ರರಿಯಿಂದ ಹೊರಡುವ ಹುಡುಗಿಯರು ಈ ದಾರಿ ಹಿಡಿಯಬೇಕಾದರೆ ಬೆಳಕು ಬೇಕು: ನಾಲ್ಕೈದು ಮೀಟರ್ ಎತ್ತರದ ಕಂಬ, 15 ಮೀಟರಿಗೊಂದು. ಒಂಬತ್ತು ಮೀಟರ್ ಎತ್ತರದ ಕಂಬ ದೂರದೂರಕ್ಕೆ ಹಾಕಿದರೆ ಬೆಳಕೆಲ್ಲ ರಸ್ತೆಗೆ, ಮರದಡಿಯ ಕಾಲುದಾರಿಗೆ ಕತ್ತಲೆ. ಗೇಟಿನೊಳಗೆ ವಾಹನದ ವೇಗ ಇಳಿಸಲು ಜಲ್ಲಿ ಸುರಿದು ಮಾಡುವ ಚೂಪು ದಿಬ್ಬಗಳು ಬೇಡ, ಅವು ಸೈಕಲ್ ಸವಾರನ ಸೊಂಟ ಮುರಿಯುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆ ಹೀಗಿದೆ: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗಕ್ಕೆ.

ನಿಷೇಧದ ಮಾತು

ಐಐಟಿ ಮದ್ರಾಸ್‌ನಲ್ಲಿ ವಿದ್ಯಾರ್ಥಿಗಳು ಮೋಟಾರು ವಾಹನ ಇಟ್ಟುಕೊಳ್ಳುವಂತಿಲ್ಲ, ಅಲ್ಲಿ ಅದು ನಡೆಯುತ್ತದೆ. ಕಾರಣ, ಅದು ವಸತಿ ಕ್ಯಾಂಪಸ್. ಹುಡುಗರು ಒಳಗೇ ಮಲಗುತ್ತಾರೆ. ನಿಮ್ಮಲ್ಲಿ 2,600ರಲ್ಲಿ 1,900 ಮಂದಿ ದಿನಾ ಹೊರಗಿನಿಂದ ಬರುವವರು. ಬಸ್ಸು ಸರಿಯಾಗುವ ಮುನ್ನ ನಿಷೇಧಿಸಿದರೆ ಬೈಕುಗಳು ಮಾಯವಾಗುವುದಿಲ್ಲ. ಗೇಟಿನ ಹೊರಗಿನ ಟೀ ಅಂಗಡಿಯ ಮುಂದೆ, ಹೆದ್ದಾರಿಯ ಅಂಚಿನಲ್ಲಿ ನಿಲ್ಲುತ್ತವೆ. ಕಳವಾಗುತ್ತವೆ, ಲಾರಿಗೆ ಸಿಗುತ್ತವೆ. ಮೇಷ್ಟ್ರ ಕಾರು ಪೋರ್ಟಿಕೋವರೆಗೆ, ಹುಡುಗರ ಬೈಕು ಹೊರಗೆ ಎಂಬ ನಿಯಮಕ್ಕೆ ಯಾವ ತರಗತಿಯಲ್ಲೂ ಮರ್ಯಾದೆ ಸಿಗುವುದಿಲ್ಲ.

ನಿಷೇಧದ ಬದಲು ಜಾಗ ಬದಲಿಸಿ. ಎಲ್ಲ ಮೋಟಾರು ವಾಹನಗಳ ನಿಲುಗಡೆ, ಸಿಬ್ಬಂದಿಯದೂ ಸೇರಿ, ಮುಖ್ಯ ಗೇಟಿನ ಪಕ್ಕಕ್ಕೆ ಬರಲಿ. ಸೈಕಲ್ ಮಾತ್ರ ತರಗತಿಯ ಬಾಗಿಲವರೆಗೆ. ಶುಲ್ಕ ಹಾಕುವುದಿದ್ದರೆ ದಿನದ ಲೆಕ್ಕದಲ್ಲಿ ಹಾಕಿ. ಸೆಮಿಸ್ಟರ್ ಶುಲ್ಕ ಒಮ್ಮೆ ಕಟ್ಟಿದವನು 'ಕೊಟ್ಟಾಗಿದೆಯಲ್ಲ' ಎಂದು ದಿನಾ ಬೈಕ್ ತರುತ್ತಾನೆ. ಹತ್ತು ಚೀಟಿಯ ಕೂಪನ್ ಪುಸ್ತಕ ಕೊಂಡವನು ಒಂದೊಂದು ಚೀಟಿ ಹರಿಯುವಾಗಲೂ ಯೋಚಿಸುತ್ತಾನೆ. ಬಸ್ಸೇ ಇಲ್ಲದ ಹಳ್ಳಿಯವರಿಗೆ ವಿನಾಯಿತಿ ಕೊಡಿ. ಒಂದು ಬೈಕಿನಲ್ಲಿ ಇಬ್ಬರು, ಇಬ್ಬರಿಗೂ ಹೆಲ್ಮೆಟ್ ಇದ್ದು ಬಂದರೆ ಶುಲ್ಕ ಬೇಡ. ಬಂದ ಹಣ ಕ್ರಾಸಿನ ಬಸ್ಸಿನ ಡೀಸೆಲ್ಲಿಗೆ ಎಂದು ಸೂಚನಾ ಫಲಕದಲ್ಲಿ ತಿಂಗಳ ಲೆಕ್ಕ ಹಾಕಿ.

ಸೈಕಲ್: ಕೊಳ್ಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ

ನ್ಯಾಕ್ ತಂಡ ಬರುವ ಹಿಂದಿನ ವಾರ ಒಂದೇ ಬಣ್ಣದ 50 ಸೈಕಲ್ ಸಾಲಾಗಿ ನಿಲ್ಲುವುದನ್ನೂ, ಆರು ತಿಂಗಳ ನಂತರ ಅವೇ ಸೈಕಲ್‌ಗಳು ಹಿತ್ತಲಲ್ಲಿ ತುಕ್ಕು ಹಿಡಿಯುವುದನ್ನೂ ನೀವೂ ನೋಡಿರಬಹುದು. ಯಾರದ್ದೂ ಅಲ್ಲದ ಸೈಕಲ್ ಬಾಳುವುದಿಲ್ಲ. ಇದು ಇವತ್ತಿನ ಪಾಠವಲ್ಲ. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯುವಕರು ಬಿಳಿ ಬಣ್ಣ ಬಳಿದು ಬೀಗವಿಲ್ಲದೆ ಬೀದಿಗೆ ಬಿಟ್ಟ ಸೈಕಲ್‌ಗಳನ್ನು ಪೊಲೀಸರೇ ಎತ್ತಿಕೊಂಡು ಹೋದರು. 1993ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹಾಗೆ ಬಿಟ್ಟವು ಕಳವಾದವು. ಯಾರು ಒಯ್ದರು ಎಂದು ಗೊತ್ತಾಗುವ ವ್ಯವಸ್ಥೆ, ಅಂದರೆ ಕಾರ್ಡ್ ಉಜ್ಜಿ ಸೈಕಲ್ ಬಿಡಿಸಿಕೊಳ್ಳುವ ಪದ್ಧತಿ, 1996ರಲ್ಲಿ ಬಂದದ್ದೂ ಒಂದು ವಿಶ್ವವಿದ್ಯಾಲಯದಲ್ಲೇ, ಪೋರ್ಟ್ಸ್‌ಮತ್‌ನಲ್ಲಿ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 2012ರಲ್ಲಿ 'ನಮ್ಮ ಸೈಕಲ್' ಎಂಬ ಸೈಕಲ್ ಹಂಚಿಕೆ ಶುರುವಾಯಿತು, ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್'.

ಆದರೆ ಸಾವಿರಕ್ಕಿಂತ ಕಡಿಮೆ ಜನರಿರುವ ಹಾಸ್ಟೆಲಿಗೆ ಕಾರ್ಡು, ಆ್ಯಪು, ಜಿಪಿಎಸ್ ಬೀಗ ಯಾವುದೂ ಬೇಡ. ಬೀಗದ ಬ್ಯಾಟರಿ ಸತ್ತರೆ ಸೈಕಲ್ಲೂ ಸತ್ತಂತೆ. ನಾಲ್ಕಂಕಿಯ ಬೀಗದ ಗುಟ್ಟು ಮೂರೇ ದಿನದಲ್ಲಿ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ನಮ್ಮ ಸಲಹೆ ಲೈಬ್ರರಿ ಪುಸ್ತಕದ ಪದ್ಧತಿ: ಒಂದು ಸೆಮಿಸ್ಟರಿಗೆ ಒಬ್ಬರ ಹೆಸರಿಗೆ ಒಂದು ಸೈಕಲ್, ಒಂದು ಬೀಗ, ಹಿಂದಿರುಗಿಸಿದಾಗ ಮರಳಿ ಸಿಗುವ ಠೇವಣಿ. ಸೈಕಲ್ ಕೊಟ್ಟಾಗಿನ ಸ್ಥಿತಿಯ ಫೋಟೊ ರಿಜಿಸ್ಟರಿನಲ್ಲಿ. ಪಂಕ್ಚರ್ ಖರ್ಚು ಸವಾರನದು, ಸವೆತದ ಖರ್ಚು ಕಾಲೇಜಿನದು. ಅತಿಥಿಗಳಿಗೆ, ಹೊತ್ತು ಗೊತ್ತಿಲ್ಲದ ಕೆಲಸಗಳಿಗೆ ಗುರುತಿನ ಚೀಟಿ ಇಟ್ಟುಕೊಂಡು ಕೊಡುವ ಹತ್ತು ಸೈಕಲ್ ಸೆಕ್ಯುರಿಟಿ ಕೋಣೆಯಲ್ಲಿರಲಿ.

50 ಹೊಸ ಸೈಕಲ್ ಕೊಳ್ಳುವ ಮುನ್ನ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಇಣುಕಿ. ಓದು ಮುಗಿಸಿ ಹೋದವರು ಬಿಟ್ಟುಹೋದ ಸೈಕಲ್ ಅಲ್ಲಿ ಗುಡ್ಡೆ ಬಿದ್ದಿರುತ್ತವೆ. ಪ್ರತಿಯೊಂದಕ್ಕೂ ದಿನಾಂಕ ಬರೆದ ಚೀಟಿ ಕಟ್ಟಿ, ನೋಟಿಸ್ ಹಾಕಿ, 30 ದಿನ ಕಾಯಿರಿ. ಯಾರೂ ಬರದಿದ್ದರೆ ಸಮಿತಿಯ ನಡಾವಳಿಯಲ್ಲಿ ಬರೆದು ತೆಗೆದುಕೊಳ್ಳಿ. ಮೂರು ಹಳೆಯದರಿಂದ ಎರಡು ಓಡುವ ಸೈಕಲ್ ಆಗುತ್ತವೆ. ಕೊರತೆ ಬಿದ್ದಷ್ಟನ್ನು ಮಾತ್ರ ಕೊಳ್ಳಿ.

ಕೊಳ್ಳುವಾಗ ಹತ್ತಿರದ ಸೈಕಲ್ ಶಾಪಿನವರನ್ನು ಕರೆದು ಕೇಳಿ: ಯಾವುದರ ಸಾಮಾನು ನಿಮ್ಮಲ್ಲಿ ಸದಾ ಇರುತ್ತದೆ? ಅದೇ ಉತ್ತರ. ಸಾಮಾನ್ಯವಾಗಿ 26 ಇಂಚಿನ, ನಡುವೆ ಅಡ್ಡ ಪೈಪಿಲ್ಲದ ಲೇಡಿಸ್ ಫ್ರೇಮ್, ಗೇರಿಲ್ಲದ್ದು, ಪೂರ್ತಿ ಚೈನ್ ಕವರ್, ಮಡ್‌ಗಾರ್ಡ್, ಮುಂದೆ ಬುಟ್ಟಿ. ಸೀರೆ, ಚೂಡಿದಾರ್, ಪ್ಯಾಂಟು ಎಲ್ಲಕ್ಕೂ ಒಂದೇ ಸೈಕಲ್ ಆಗುತ್ತದೆ. ಹಿಂದಿನ ಕ್ಯಾರಿಯರ್ ಮಾತ್ರ ಬಿಚ್ಚಿಸಿಬಿಡಿ. ಕ್ಯಾರಿಯರ್ ಇದ್ದರೆ ಡಬಲ್ಸ್, ಡಬಲ್ಸ್ ಹೋದರೆ ಹಿಂದಿನ ಚಕ್ರದ ಚೈನ್ ಕಡೆಯ ಕಡ್ಡಿ ಮುರಿಯುತ್ತದೆ, ಕಡ್ಡಿ ಮುರಿದರೆ ರಿಮ್ ಆಟಕ್ಕೆ ಬರುತ್ತದೆ, ರಿಮ್ ಬ್ರೇಕಿಗೆ ಉಜ್ಜುತ್ತದೆ, ಉಜ್ಜುವ ಸೈಕಲನ್ನು ಯಾರೂ ಮುಟ್ಟುವುದಿಲ್ಲ. ಮೂಲೆ ಸೇರಿದ ಸೈಕಲ್‌ಗಳಲ್ಲಿ ಬಹಳಷ್ಟರ ಕತೆ ಇಷ್ಟೇ. ಆವರಣದಲ್ಲಿ ಉದ್ದನೆಯ ಏರು ಇದ್ದರೆ ಮಾತ್ರ ಗೇರಿನದು ನೋಡಿ. 100 ಮೀಟರಿಗೆ 4 ಮೀಟರಿಗಿಂತ ಹೆಚ್ಚು ಏರುವ ದಾರಿಯಲ್ಲಿ ಗೇರಿಲ್ಲದ ಸೈಕಲನ್ನು ಇಳಿದು ತಳ್ಳುತ್ತಾರೆ.

ನಿಮ್ಮ ಸೀಮೆಯ ದೊಡ್ಡ ಶತ್ರು ನೆಗ್ಗಿಲು ಮುಳ್ಳು ಮತ್ತು ಜಾಲಿ ಮುಳ್ಳು. ಸೈಕಲ್ ನಿಲ್ಲಿಸುವ ಜಾಗದ ಸುತ್ತ ಮಳೆಗಾಲ ಮುಗಿಯುವ ಮೊದಲೇ ನೆಗ್ಗಿಲನ್ನು ಬುಡಸಮೇತ ಕೀಳಿಸಿ, ಕಾಯಿ ಒಣಗಿ ಉದುರಿದ ಮೇಲೆ ಕಿತ್ತು ಪ್ರಯೋಜನವಿಲ್ಲ. ಗಾಳಿಯೇ ಬೇಡದ ಗಟ್ಟಿ ಟೈರಿನ ಆಸೆಗೆ ಬೀಳಬೇಡಿ. ತುಳಿಯಲು ಭಾರ, ಪೆಟ್ಟೆಲ್ಲ ಕಡ್ಡಿಗೆ. ದಪ್ಪ ಟ್ಯೂಬ್ ಸಾಕು. 'ಪಂಕ್ಚರ್' ಎಂದು ಬರುವ ಸೈಕಲ್‌ಗಳಲ್ಲಿ ಹಲವಕ್ಕೆ ತೂತೇ ಇರುವುದಿಲ್ಲ. ಹಳೆ ಮಾದರಿಯ ವಾಲ್ವಿನೊಳಗಿನ ಸಣ್ಣ ರಬ್ಬರ್ ನಳಿಕೆ, ವಾಲ್‌ಟ್ಯೂಬ್, ಬಿಸಿಲಿಗೆ ಬಿರಿದಿರುತ್ತದೆ. ಎರಡು ನಿಮಿಷದ ಕೆಲಸ. ಹಾಸ್ಟೆಲ್ ಬಾಗಿಲಲ್ಲಿ ಸರಪಳಿ ಕಟ್ಟಿದ ಒಂದು ಪಂಪು, ಒಂದು ಡಬ್ಬಿ ವಾಲ್‌ಟ್ಯೂಬ್ ಇಟ್ಟರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

40 ಸೈಕಲ್‌ಗಳಿಗೆ ವಾರಕ್ಕೆ ಎರಡು ಅರ್ಧ ದಿನ ಒಬ್ಬ ಮೆಕ್ಯಾನಿಕ್ ಬೇಕು. ಒಂದು ಸೆಮಿಸ್ಟರಿಗೆ ಎದುರಿಗಿರಬೇಕಾದ ಸಾಮಾನು: ಟ್ಯೂಬ್ 30, ಟೈರ್ 10, ಬ್ರೇಕ್ ರಬ್ಬರ್ 60 ಜೊತೆ, ಬ್ರೇಕ್ ವೈರ್ 25, ಕಡ್ಡಿ 144, ಚೈನ್ 6, ಪೆಡಲ್ 10 ಜೊತೆ. ಜೊತೆಗೆ ಬಾಲ್ಸ್, ಅಂದರೆ ಚಕ್ರದ ನಡುವಿನ ಹಬ್ಬಿನೊಳಗೆ ಉರುಳುವ ಉಕ್ಕಿನ ಗುಂಡುಗಳು, ಮುಂದಿನ ಹಬ್ಬಿಗೆ 3/16 ಇಂಚಿನವು ಬದಿಗೆ ಹತ್ತು, ಹಿಂದಿನದಕ್ಕೆ 1/4 ಇಂಚಿನವು ಬದಿಗೆ ಒಂಬತ್ತು. ಒಂದು ಬಾಲ್ ಕಳೆದರೆ ಪರವಾಗಿಲ್ಲ ಎಂದು ಮುಚ್ಚುವ ಮೆಕ್ಯಾನಿಕ್‌ಗೆ ಕೆಲಸ ಕೊಡಬೇಡಿ, ಆ ಗುಂಡುಗಳು ಉರುಳುವ ಕೋನ್ ಕೆಡುವುದು ಅಲ್ಲಿಂದಲೇ.

ನಿಲ್ಲಿಸುವ ಸ್ಟ್ಯಾಂಡು ಮುಖ್ಯ. ಮುಂದಿನ ಚಕ್ರ ಸಿಕ್ಕಿಸುವ ಸೀಳು ಸ್ಟ್ಯಾಂಡಿನಲ್ಲಿ ಸೈಕಲ್ ಪಕ್ಕಕ್ಕೆ ವಾಲಿದರೆ ರಿಮ್ ಸೊಟ್ಟಗಾಗುತ್ತದೆ. ತಲೆಕೆಳಗಾದ 'ಯು' ಆಕಾರಕ್ಕೆ ಬಾಗಿಸಿದ 50 ಮಿ.ಮೀ. ಜಿಐ ಪೈಪ್ ಸಾಕು: ನೆಲದಿಂದ 75 ಸೆಂ.ಮೀ. ಎತ್ತರ, ಅಷ್ಟೇ ಉದ್ದ, ನೆಲದೊಳಗೆ 30 ಸೆಂ.ಮೀ. ಕಾಂಕ್ರೀಟು. ಒಂದು ಮೀಟರಿಗೊಂದು, ಗೋಡೆಯಿಂದ 60 ಸೆಂ.ಮೀ. ಬಿಟ್ಟು. ಒಂದಕ್ಕೆ ಎರಡು ಸೈಕಲ್, ಫ್ರೇಮು ಚಕ್ರ ಎರಡನ್ನೂ ಸೇರಿಸಿ ಬೀಗ ಹಾಕಬಹುದು. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ಮೇಲೆ ಶೀಟು ಇರಲಿ, ಬಿಸಿಲಿಗೆ ಕಾದ ಸೀಟಿನ ಮೇಲೆ ಎರಡನೆಯ ದಿನ ಯಾರೂ ಕೂರುವುದಿಲ್ಲ.

ಎಲೆಕ್ಟ್ರಿಕ್ ಸ್ಕೂಟರು, ಚಾರ್ಜಿಂಗು

ಬೈಕ್ ಬಿಡಲಾಗದವರಲ್ಲಿ ಕೆಲವರು ಎಲೆಕ್ಟ್ರಿಕ್ಕಿಗೆ ಬರುತ್ತಾರೆ. ಕಿ.ಮೀ.ಗೆ 30 ವ್ಯಾಟ್-ಗಂಟೆ ಹಿಡಿದರೆ ಅವರ ದಿನದ 18 ಕಿ.ಮೀ.ಗೆ ಬೇಕಾದ್ದು ಬರೀ ಅರ್ಧ ಯೂನಿಟ್. ದೊಡ್ಡ ಫಾಸ್ಟ್ ಚಾರ್ಜರ್ ಹಾಕಿಸುವ ವ್ಯಾಪಾರಿಯ ಮಾತಿಗೆ ಮರುಳಾಗಬೇಡಿ. ಒಂದು ಗಂಟೆಯಲ್ಲಿ ಚಾರ್ಜ್ ಆದ ಸ್ಕೂಟರನ್ನು ಪಾಠದ ನಡುವೆ ಎದ್ದು ಬಂದು ಯಾರೂ ತೆಗೆಯುವುದಿಲ್ಲ. ಬೇಕಾದ್ದು ವೇಗವಲ್ಲ, ಪ್ಲಗ್ಗುಗಳ ಸಂಖ್ಯೆ. ಸೂರಿನಡಿ ಇಪ್ಪತ್ತು ಸಾದಾ 16 ಆಂಪಿಯರ್ ಪ್ಲಗ್, ಪ್ರತಿಯೊಂದಕ್ಕೂ ಪ್ರತ್ಯೇಕ ಎಂಸಿಬಿ (ಲೋಡು ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು), ಒಳ್ಳೆಯ ಅರ್ತಿಂಗ್. ಸೋಲಾರ್ ಇದ್ದರೆ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ ಏಳೆಂಟು ಸ್ಕೂಟರುಗಳ ದಿನದ ಓಟ. ಹಾಸ್ಟೆಲ್ ಕೋಣೆಯಲ್ಲಿ, ಮೆಟ್ಟಿಲ ಕೆಳಗೆ ಬ್ಯಾಟರಿ ಚಾರ್ಜ್ ಮಾಡುವುದನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಿರಿ. ಬೆಂಕಿ ಹತ್ತಿದರೆ ಹೊರಬರುವ ದಾರಿಯೇ ಮೆಟ್ಟಿಲು. ಲೈಸೆನ್ಸ್ ಬೇಡ ಎಂದು ಮಾರುವ ಸ್ಕೂಟರಿನ ಮೋಟಾರು 250 ವ್ಯಾಟ್, ವೇಗ 25 ಕಿ.ಮೀ. ಮೀರುವಂತಿಲ್ಲ. ಅಂಗಡಿಯವರು ವೇಗದ ಮಿತಿ ತೆಗೆದುಕೊಟ್ಟಿದ್ದರೆ ಅದು ಲೈಸೆನ್ಸು, ನೋಂದಣಿ ಎರಡೂ ಬೇಕಾದ ವಾಹನ.

ಇಷ್ಟಾದ ಮೇಲೂ ಬ್ಯಾಟರಿ ಗಾಡಿ ಬೇಕೆಂದರೆ

ಎರಡಲ್ಲ, ಒಂದು ಕೊಳ್ಳಿ. ಕೆಲಸ ನಿಗದಿ ಮಾಡಿ: ನಡೆಯಲಾಗದ ವಿದ್ಯಾರ್ಥಿಗಳು, ಗರ್ಭಿಣಿಯರು, ಹಿರಿಯ ಪೋಷಕರು, ಹಾಸ್ಟೆಲ್ ಸೇರುವ ದಿನದ ಟ್ರಂಕುಗಳು. ಫೋನ್ ಮಾಡಿದರೆ ಬರುವ ಗಾಡಿಯಾಗಲಿ, ಸುತ್ತುತ್ತಲೇ ಇರುವ ಗಾಡಿ ಬೇಡ. ಗಾಲಿಕುರ್ಚಿ ಹತ್ತುವ ಇಳಿಜಾರು ಹಲಗೆ ಟೆಂಡರಿನಲ್ಲೇ ಬರೆಯಿಸಿ, ಆಮೇಲೆ ಯಾರೂ ಹಾಕಿಕೊಡುವುದಿಲ್ಲ. ಇಳಿಜಾರು 12 ಅಡಿಗೆ ಒಂದಡಿಗಿಂತ ಕಡಿದಾಗಬಾರದು ಎಂಬುದು ಕಟ್ಟಡದ ನಿಯಮ. ಹಾಗಾಗಿ ಗಾಡಿ ನಿಲ್ಲುವ ಕಟ್ಟೆಯನ್ನೇ ಗಾಡಿಯ ಮಟ್ಟಕ್ಕೆ ಎತ್ತರಿಸಿದರೆ ಹಲಗೆ ಚಿಕ್ಕದಾದರೂ ಸಾಕು.

ನ್ಯಾಕ್‌ನ ಏಳು ಮಾನದಂಡಗಳ ಕೈಪಿಡಿಯಲ್ಲಿ, ಏಳನೆಯ ಮಾನದಂಡದಡಿ ಸೈಕಲ್, ಬ್ಯಾಟರಿ ವಾಹನದ ಜೊತೆಗೆ ಪಾದಚಾರಿ ದಾರಿ, ವಾಹನ ಪ್ರವೇಶದ ನಿರ್ಬಂಧ ಎರಡೂ ಇವೆ. ಗಾಡಿಯ ಫೋಟೊ ಒಂದಕ್ಕಿಂತ ಈ ವರ್ಷ ಮತ್ತು ಮುಂದಿನ ವರ್ಷ ಗೇಟಿನೊಳಗೆ ಬರುವ ವಾಹನಗಳ ಎಣಿಕೆ ಪಕ್ಕಪಕ್ಕ ಇಡುವುದು ಗಟ್ಟಿ ಸಾಕ್ಷ್ಯ. ಎಣಿಕೆ ಮಂಗಳವಾರದಿಂದ ಗುರುವಾರ, 7.45ರಿಂದ 9.45, ಹದಿನೈದು ನಿಮಿಷಕ್ಕೊಂದು ಸಾಲು. ಇಂಟರ್ನಲ್ಸ್ ವಾರ, ಹಬ್ಬದ ಹಿಂದುಮುಂದಿನ ದಿನ ಬೇಡ.

ಗಾಡಿಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಳ್ಳಲು ಹಣ ಸಾಲದೆ ಸೀಸದ ಬ್ಯಾಟರಿಯೇ ಬಂದರೆ, 48 ವೋಲ್ಟಿಗೆ ಆರು ವೋಲ್ಟಿನ ಎಂಟು ಡಬ್ಬಿ ಬರುತ್ತವೆ. ಅವುಗಳನ್ನು ಬದಲಿಸುವ ಖರ್ಚಿಗೆ ಮೊದಲ ವರ್ಷದಿಂದಲೇ ದುಡ್ಡು ತೆಗೆದಿಡಿ. ಅರ್ಧಕ್ಕಿಂತ ಕೆಳಗೆ ಇಳಿಯುವವರೆಗೆ ಓಡಿಸಬೇಡಿ, ಪ್ರತಿ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಗಾಳಿ ಆಡುವ ಕೋಣೆಯಲ್ಲಿ. ಕಾಲೇಜಿನ ಬ್ಯಾಟರಿಗಳು ಕೆಡುವುದು ಓಡಿ ಓಡಿ ಅಲ್ಲ, ಎರಡು ತಿಂಗಳ ರಜೆಯಲ್ಲಿ ಹಾಗೇ ನಿಂತು. ರಜೆಯಲ್ಲೂ ಹದಿನೈದು ದಿನಕ್ಕೊಮ್ಮೆ ಚಾರ್ಜಿಗೆ ಹಾಕುವವರ ಹೆಸರು ಬರೆದಿಡಿ. ಡಿಸ್ಟಿಲ್ಡ್ ವಾಟರನ್ನು ಚಾರ್ಜ್ ಆದ ಮೇಲೆ ಹಾಕಬೇಕು. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ದ್ರಾವಣ ಉಬ್ಬಿ ಆಮ್ಲ ಹೊರಚೆಲ್ಲುತ್ತದೆ. ಬ್ಯಾಟರಿಯೊಳಗಿನ ಸೀಸದ ಫಲಕಗಳು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಹಾಕಿ ಚಾರ್ಜಿಗೆ ಇಡಿ.